ಮೂಕಪೆಟ್ಟು ಕಾಗದಕ್ಕೆ ಬಂದದ್ದು

ಆ ಹೆಂಗಸು ಮೂರನೆಯ ದಿನ ಮತ್ತೆ ಆಸ್ಪತ್ರೆಗೆ ಬಂದು, ಸೆರಗು ಸರಿಸಿ ತೋಳು ತೋರಿಸಿದಳು. ಮೊದಲ ದಿನ, ಗಂಡ ಹೊಡೆದನೆಂದು ಬಂದ ಅವಳನ್ನು ಪರೀಕ್ಷಿಸುವಾಗ ವೈದ್ಯರ ಪಕ್ಕ ನಿಂತು ಬರೆದುಕೊಂಡವಳು ನಾನೇ. ಟ್ಯೂಬ್‌ಲೈಟಿನ ಕೆಳಗೆ ನೋಡಿದ್ದೆವು, ಏನೂ ಕಂಡಿರಲಿಲ್ಲ. 'ಹೊರಗಾಯ ಕಂಡುಬಂದಿಲ್ಲ' ಎಂದು ನಾನು ಬರೆದೆ, ವೈದ್ಯರು ಸಹಿ ಹಾಕಿದರು. ಈಗ ಅದೇ ತೋಳಿನ ಮೇಲೆ ನಾಲ್ಕು ಬೆರಳಿನ ಗುರುತು. ಅವಳ ಎಣ್ಣೆಗಪ್ಪು ಮೈಬಣ್ಣಕ್ಕಿಂತ ಒಂದು ಪಟ್ಟು ಗಾಢವಾಗಿ, ಎಣಿಸುವಷ್ಟು ಸ್ಪಷ್ಟವಾಗಿ ಮೂಡಿತ್ತು.

"ಅವತ್ತ ನೋವು ಐತಿ ಅಂತ ಹೇಳಿದ್ನೆಲ್ರಿ ಸಿಸ್ಟರ್," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ವೈದ್ಯರು ಇನ್ನೊಂದು ಕಾಗದ ಬರೆದುಕೊಟ್ಟರು. ಆದರೆ ಮೊದಲಿನದು ಆಗಲೇ ಊರೆಲ್ಲ ಸುತ್ತಿ ಬಂದಿತ್ತು. 'ದವಾಖಾನಿಯವರೇ ಏನೂ ಇಲ್ಲ ಅಂದಾರ' ಎಂಬ ಮಾತು ಗಟ್ಟಿಯಾಗಿ ಕೂತಿತ್ತು. ಅವಳ ತವರಿನವರೇ ರಾಜಿ ಮಾಡಿಸಿ ಕರೆದೊಯ್ದರು.

ಇಂಥ ಪೆಟ್ಟಿಗೆ ನಮ್ಮಲ್ಲಿ ಮೂಕಪೆಟ್ಟು ಎನ್ನುತ್ತಾರೆ. ಚರ್ಮ ಹರಿಯುವುದಿಲ್ಲ, ಹೊರಗೆ ರಕ್ತ ಬರುವುದಿಲ್ಲ, ಒಳಗೆ ಹೆಪ್ಪುಗಟ್ಟಿರುತ್ತದೆ. ನಾವು ಕಲಿತ ಪುಸ್ತಕಗಳಲ್ಲಿ ಅದರ ಬಣ್ಣದ ಪಟ್ಟಿ ಇತ್ತು: ಮೊದಲು ಕೆಂಪು, ಆಮೇಲೆ ನೀಲಿ, ಹಸಿರು, ಕೊನೆಗೆ ಹಳದಿ. ಚಿತ್ರದಲ್ಲಿದ್ದದ್ದು ಮಾತ್ರ ಬಿಳಿ ತೋಳು. ನಾನೂ ಕಪ್ಪು ಮೈಯವಳೇ. ಚಿಕ್ಕಂದಿನಿಂದ ಎಷ್ಟು ಸಲ ಬಿದ್ದಿದ್ದೇನೋ, ನನ್ನ ಮೊಣಕಾಲಿನ ಮೇಲೆ ಒಮ್ಮೆಯೂ ಹಸಿರು ಕಂಡದ್ದಿಲ್ಲ. ಅದನ್ನು ಯೋಚಿಸದೆ ಪಟ್ಟಿಯನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಪಾಸಾಗಿದ್ದೆ.

ಮುಂದಿನ ವರ್ಷ ಬಾಗಲಕೋಟೆಯಲ್ಲಿ ಹೆಚ್ಚಿನ ಓದಿಗೆ ಸೇರಿದಾಗ ಸಂಶೋಧನೆಗೆ ವಿಷಯ ಹುಡುಕುವ ಅಗತ್ಯ ಬೀಳಲಿಲ್ಲ. ಬೇರೆ ಬೇರೆ ಮೈಬಣ್ಣದವರಲ್ಲಿ ಮೂಕಪೆಟ್ಟನ್ನು ಮೊದಲ ದಿನವೇ ಹೇಗೆ ಪತ್ತೆ ಮಾಡುವುದು ಎಂದು ಒಂದೇ ಸಾಲು ಬರೆದು ನನ್ನ ಮಾರ್ಗದರ್ಶಿಯ ಮುಂದಿಟ್ಟೆ. ಅವರು ಹಿರಿಯ ಪ್ರಾಧ್ಯಾಪಕಿ, ಕಡಿಮೆ ಮಾತಿನವರು. ಸಾಲನ್ನು ಎರಡು ಸಲ ಓದಿ, "ಪೆಟ್ಟು ಎಲ್ಲಿಂದ ತರ್ತಿ?" ಎಂದರು.

ನೀತಿ ಸಮಿತಿಯವರೂ ಅದನ್ನೇ ಕೇಳಿದರು. ಸಂಶೋಧನೆಗಾಗಿ ಯಾರ ಮೈಗೂ ಪೆಟ್ಟು ಕೊಡುವಂತಿಲ್ಲ.

"ಮಂದಿ ದಿನಾ ಒಂದಿಲ್ಲೊಂದು ಬಡಸ್ಕೊಂತಿರ್ತಾರ್ರಿ ಸರ್," ಎಂದೆ. "ನಾವು ಹೊಸದಾಗಿ ಕೊಡೂದು ಬ್ಯಾಡ. ಯಾವಾಗ, ಎಲ್ಲಿ, ಹೆಂಗ ಬಡೀತು ಅಂತ ಖಾತ್ರಿ ಇದ್ದವರನ್ನ ಹುಡುಕ್ತೇನಿ."

ಸಮಿತಿಯವರು ನಕ್ಕರು, ಒಪ್ಪಿಗೆ ಕೊಟ್ಟರು. ಹಾಗೆ ಹುಡುಕಿದಾಗ ಸಿಕ್ಕವರು: ಬಾಗಲಕೋಟೆಯಲ್ಲಿ ರಕ್ತಪರೀಕ್ಷೆಗೆ ಸೂಜಿ ಚುಚ್ಚಿಸಿಕೊಂಡು ಅಲ್ಲೇ ಕಪ್ಪುಗಟ್ಟಿದವರು, ಹುನಗುಂದದ ಕಬಡ್ಡಿ ಆಟಗಾರರು, ಇಳಕಲ್ಲಿನ ನೇಕಾರರು ಮತ್ತು ನೂಲಿಗೆ ಬಣ್ಣ ಹಾಕುವವರು, ಬಾದಾಮಿ ಕಡೆಯ ಕುರಿಗಾರರು. ಬೆಣ್ಣೆಯಂಥ ಬಿಳುಪಿನಿಂದ ಹಿಡಿದು ಕರಿ ಕಂಬಳಿಯಷ್ಟು ಕಪ್ಪಿನವರೆಗೆ ಎಲ್ಲ ಬಣ್ಣದವರೂ ಅಲ್ಲಿದ್ದರು.

ವಿಧಾನ ಸರಳವಾಗಿತ್ತು. ಪೆಟ್ಟು ಬಿದ್ದ ಜಾಗ ಯಾವುದೆಂದು ಅವರು ನನಗೊಬ್ಬಳಿಗೇ ಹೇಳುತ್ತಿದ್ದರು. ನಾನು ಅದನ್ನು ಬರೆದು ಲಕೋಟೆಯಲ್ಲಿಟ್ಟು ಅಂಟಿಸುತ್ತಿದ್ದೆ. ಆಮೇಲೆ ನನ್ನ ಸಹಪಾಠಿ ಬಂದು, ಏನೂ ಗೊತ್ತಿಲ್ಲದೆ, ಮೊದಲು ಸಾಮಾನ್ಯ ಬೆಳಕಿನಲ್ಲಿ, ಆಮೇಲೆ ದೀಪದಲ್ಲಿ ಹುಡುಕಬೇಕು. ಅವಳು ಬಾದಾಮಿಯವಳು, ಹತ್ತು ವರ್ಷ ತುರ್ತು ವಿಭಾಗದಲ್ಲಿ ದುಡಿದವಳು. ಅವಳ ಕಣ್ಣಿಗೆ ಕಾಣದ್ದು ನಮ್ಮಲ್ಲಿ ಯಾರ ಕಣ್ಣಿಗೂ ಕಾಣಲಾರದು.

ದೀಪ ಎಂದೆನಲ್ಲ, ಅದೇ ನಮ್ಮ ಭರವಸೆ. ನೇರಳೆ ಛಾಯೆಯ ಬೆಳಕು ಬೀರುವ ಕೈದೀಪ, ಜೊತೆಗೆ ಹಳದಿ ಗಾಜಿನ ಕನ್ನಡಕ. ಚರ್ಮದ ಕೆಳಗೆ ಇಳಿದ ರಕ್ತ ಆ ಬೆಳಕನ್ನು ಹೀರಿಕೊಳ್ಳುತ್ತದೆ. ಕೋಣೆ ಕತ್ತಲು ಮಾಡಿ ನೋಡಿದರೆ ಪೆಟ್ಟಿನ ಜಾಗ ಕಪ್ಪು ಮಚ್ಚೆಯಾಗಿ ಎದ್ದು ಕಾಣುತ್ತದೆ. ಮೊದಲು ನನ್ನ ಮೇಲೇ ನೋಡಿಕೊಂಡೆ. ರಕ್ತ ಕೊಟ್ಟ ಜಾಗವನ್ನು ಒತ್ತಿ ಹಿಡಿಯದೆ ಬಿಟ್ಟಿದ್ದೆ. ಟ್ಯೂಬ್‌ಲೈಟಿನಲ್ಲಿ ಏನೂ ಇಲ್ಲ. ದೀಪ ಹಿಡಿದರೆ ನಾಣ್ಯದಷ್ಟಗಲ ಮಸಿ.

"ಬಂತಲ್ಲವಾ ಇದು!" ಎಂದು ಸಹಪಾಠಿ ಕೂಗಿದಳು.

ಹುನಗುಂದದಲ್ಲಿಯೂ ಬಂತು. ಕಬಡ್ಡಿ ಆಟಗಾರರ ತೊಡೆ, ಭುಜ, ಪಕ್ಕೆಗಳಲ್ಲಿ ಲಕೋಟೆಯೊಳಗೆ ಬರೆದದ್ದನ್ನು ದೀಪ ಹುಡುಕಿ ತೆಗೆಯುತ್ತಿತ್ತು. ಎರಡು ತಿಂಗಳಲ್ಲಿ ಒಂದು ದಪ್ಪ ಕಡತವಾಯಿತು. ನಾನು ಮನಸ್ಸಿನಲ್ಲೇ ಪ್ರಬಂಧದ ಕೊನೆಯ ಪುಟ ಬರೆದು ಮುಗಿಸಿದ್ದೆ.

ಆಮೇಲೆ ಇಳಕಲ್ಲಿಗೆ ಹೋದೆವು.

ಅಲ್ಲಿ ಒಬ್ಬರು ನೂಲಿಗೆ ಬಣ್ಣ ಹಾಕುವವರು, ಐವತ್ತು ದಾಟಿದವರು, ಹಿಂದಿನ ದಿನ ಹಂಡೆಯ ಕಿವಿ ಮೊಣಕೈ ಮೇಲೆ ಬಡಿಸಿಕೊಂಡಿದ್ದರು. ಲಕೋಟೆಯಲ್ಲಿ ಇದ್ದದ್ದು ಅದೊಂದೇ ಪೆಟ್ಟು. ಅವರ ಮನೆಯ ಒಳಕೋಣೆಗೆ ಪರದೆ ಕಟ್ಟಿ ಸಹಪಾಠಿ ದೀಪ ಹಿಡಿದಳು. ಹೊರಗೆ ಬಂದು ಕೊಟ್ಟ ಹಾಳೆಯಲ್ಲಿ ಎಂಟು ಪೆಟ್ಟು ಗುರುತಿಸಿದ್ದಳು.

ನಾನು ಎಂಟನ್ನೂ ಓದಿದೆ. ಅವರು ಕೈ ಅಲ್ಲಾಡಿಸಿ ನಕ್ಕರು. "ಸಿಸ್ಟರ್, ಅಷ್ಟ ಹೊಡತ ತಿಂದಿದ್ರ ನಾ ಇಲ್ಲಿ ಕುಂದರ್ತಿದ್ನೇನ್ರಿ? ಅದು ಬಣ್ಣಾರಿ. ಮೂವತ್ತ ವರ್ಷ ಆತು, ತೊಗಲಾಗ ಇಳದೈತಿ."

ಕಣ್ಣಿಗೆ ಕಾಣದಷ್ಟು ಉಳಿದ ಬಣ್ಣವೂ ದೀಪಕ್ಕೆ ರಕ್ತದಂತೆ ಕಾಣುತ್ತಿತ್ತು. ಅವರ ಹೆಂಡತಿಯ ಮೇಲೆ ನೋಡಿದಾಗ ಇದರ ತದ್ವಿರುದ್ಧ. ಆಕೆ ಬಚ್ಚಲಲ್ಲಿ ಜಾರಿ ಮುಂಗೈ ಬಡಿಸಿಕೊಂಡಿದ್ದರು, ಕೈಗೆ ಅರಿಶಿನ ಹಚ್ಚಿಕೊಂಡಿದ್ದರು. ಆ ಬೆಳಕಿಗೆ ಅರಿಶಿನ ಹಳದಿ ಬೆಂಕಿಯಂತೆ ಹೊಳೆಯಿತು. ಕೆಳಗಿದ್ದ ನಿಜವಾದ ಪೆಟ್ಟು ಅದರಲ್ಲಿ ಮುಳುಗಿಹೋಯಿತು. ಸಾಬೂನಿನಿಂದ ತೊಳೆದರೂ ಹೊಳಪು ಪೂರಾ ಹೋಗಲಿಲ್ಲ. ಅಲ್ಲದೆ ನಿಜವಾದ ಪ್ರಕರಣದಲ್ಲಿ ತೊಳೆಯುವ ಹಾಗೂ ಇಲ್ಲ. ಹಿಡಿದವನ ಬೆವರು, ಜೊಲ್ಲು ಚರ್ಮದ ಮೇಲಿದ್ದರೆ ಅದೂ ಸಾಕ್ಷ್ಯವೇ. ಅದನ್ನು ಹತ್ತಿಯ ಕಡ್ಡಿಯಲ್ಲಿ ತೆಗೆದಿಟ್ಟ ಮೇಲೆಯೇ ಮುಂದಿನ ಕೆಲಸ.

ಅರಿಶಿನ ಹಚ್ಚುವ ಹೆಂಗಸರು, ಬಣ್ಣದಲ್ಲಿ ಕೈ ಅದ್ದುವ ಕೆಲಸಗಾರರು ನಮ್ಮ ಸೀಮೆಯಲ್ಲಿ ಅಪರೂಪವೇ? ನಮ್ಮ ಆಸ್ಪತ್ರೆಗಳಿಗೆ ಬರುವವರೇ ಅವರು. ಆ ಸಂಜೆ ಬಾಗಲಕೋಟೆಯ ಬಸ್ಸಿನಲ್ಲಿ, ಮನಸ್ಸಿನಲ್ಲಿ ಬರೆದಿಟ್ಟಿದ್ದ ಕೊನೆಯ ಪುಟವನ್ನು ಹೊಡೆದುಹಾಕಿದೆ.

ಬಾದಾಮಿಗೆ ಹೋಗುವ ದಿನ ಮೊದಲೇ ಗೊತ್ತಾಗಿತ್ತು, ತಪ್ಪಿಸುವಂತಿರಲಿಲ್ಲ. ಚೊಳಚಗುಡ್ಡದ ಆಚೆ ಹೊಲವೊಂದರಲ್ಲಿ ಕುರಿ ಹಿಂಡು ಬಿಟ್ಟಿದ್ದರು. ಕುರಿಗಾರರ ದೇವರು ಬೀರಪ್ಪನ ಒಕ್ಕಲಿನ ಒಂದು ಕುಟುಂಬ. ಮನೆಯ ಹಿರಿಯಳಿಗೆ ಹಿಂದಿನ ದಿನ ಟಗರು ತೊಡೆಗೆ ಗುದ್ದಿತ್ತು. ಮಟಮಟ ಮಧ್ಯಾಹ್ನ, ಬಯಲು. ಕತ್ತಲಿಗೆ ಕೋಣೆ ಎಲ್ಲಿಂದ ತರುವುದು? ಮನೆಯ ಹೆಂಗಸರು ನಾಲ್ಕು ಕಂಬಳಿ ಹಿಡಿದು ಗುಡಾರದಂತೆ ಮಾಡಿದರು. ಒಳಗೆ ಸೆಖೆ, ಉಣ್ಣೆಯ ವಾಸನೆ. ಸಹಪಾಠಿಯ ಕನ್ನಡಕ ಬೆವರಿಗೆ ಮಂಜಾಯಿತು. ಪೆಟ್ಟು ಎಲ್ಲಿ ಬಿದ್ದಿದೆಯೆಂದೇ ಅವಳಿಗೆ ತಿಳಿಯಲಿಲ್ಲ.

ಹಿರಿಯಳು ಕಂಬಳಿ ಸರಿಸಿ ಹೊರಗೆ ಬಂದು, "ಏನ ಹುಡಕಾಕತ್ತೀರಿ ಯವ್ವಾ ಇಷ್ಟೊತ್ತು?" ಎಂದಳು.

"ನಿಮಗ ಬಡದ ಜಾಗಾ ಆಯಿ. ನನಗ ಗೊತ್ತೈತಿ, ಇಕಿಗೆ ಗೊತ್ತಿಲ್ಲ. ನೋಡಿ ಹೇಳ್ಬೇಕು."

"ನೋಡಿದ್ರ ಹೆಂಗ ತಿಳೀತೈತಿ? ಕುರಿಗೆ ಗುದ್ದು ಬಿದ್ರ ಉಣ್ಣಿ ಮ್ಯಾಲ ಕಾಣತೈತೇನು? ನಾವು ಕೈ ಹಾಕಿ ನೋಡ್ತೇವಿ." ಹತ್ತಿರ ನಿಂತಿದ್ದ ಒಂದು ಕುರಿಯ ಕಾಲು ಹಿಡಿದೆಳೆದು, ಉಣ್ಣೆಯೊಳಗೆ ಅಂಗೈಯ ಹಿಂಬದಿಯನ್ನು ತೂರಿಸಿದಳು. "ಮೊದಲ ಹಿಂಗ, ಬಿಸಿ ಐತೇನು ಅಂತ. ಆಮ್ಯಾಲ ಬೆರಳ ತುದಿಲೆ, ಬಾತೈತೇನು ಅಂತ. ಆ ಕಡಿದೂ ಮುಟ್ಟಬೇಕು, ಇಲ್ಲಂದ್ರ ಫರಕು ತಿಳಿಯೂದಿಲ್ಲ. ಕೈ ಅಲ್ಲಿರ್ಲಿ, ಕಣ್ಣು ಅದರ ಮಾರಿ ಮ್ಯಾಲ ಇರ್ಲಿ. ನೋವು ಬಂದ್ರ ತೊಗಲು ಜುಂ ಅಂತೈತಿ, ಕಿವಿ ಹಿಂದಕ್ಕ ಹೋಗ್ತಾವು."

ಸಹಪಾಠಿ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಹಿರಿಯಳ ಒಪ್ಪಿಗೆ ಕೇಳಿ, ಮತ್ತೆ ಕಂಬಳಿಯೊಳಗೆ ಕರೆದೊಯ್ದು, ಹೇಳಿಕೊಟ್ಟ ಹಾಗೆಯೇ ಎರಡೂ ಕಡೆಯ ತೋಳು, ಪಕ್ಕೆ, ತೊಡೆ ಮುಟ್ಟಿ ನೋಡಿದಳು. ಎರಡು ನಿಮಿಷದಲ್ಲಿ ಒಳಗಿಂದಲೇ ಕೂಗಿದಳು: "ಎಡಗಡಿ, ಮೊಣಕಾಲಿಂದ ಒಂದು ಗೇಣು ಮ್ಯಾಲ!"

ಲಕೋಟೆ ಒಡೆದೆ. ಎಡಗಡೆ, ಮೊಣಕಾಲಿನಿಂದ ಗೇಣು ಮೇಲೆ.

ಮುಟ್ಟಿ ನೋಡುವುದು ನಮಗೆ ಹೊಸದಲ್ಲ, ಮೊದಲ ವರ್ಷದಲ್ಲೇ ಕಲಿಸುತ್ತಾರೆ. ಆದರೆ ಗಾಯದ ಪ್ರಮಾಣಪತ್ರದಲ್ಲಿ ಅದಕ್ಕೆ ಜಾಗವಿರಲಿಲ್ಲ. ಗಾಯದ ಬಣ್ಣ, ಅಳತೆ, ಆಕಾರ, ಇಷ್ಟೇ ಅಲ್ಲಿದ್ದದ್ದು. ನನ್ನ ಸಂಶೋಧನೆಯ ಹಾಳೆಯಲ್ಲೂ ನಾನು ಆ ಜಾಗ ಬಿಟ್ಟಿರಲಿಲ್ಲ. ದೀಪದ ಹಿಂದೆ ಬಿದ್ದು ಕೈಯನ್ನೇ ಮರೆತಿದ್ದೆ.

ಮರುದಿನ ಮಾರ್ಗದರ್ಶಿಯ ಕೋಣೆಗೆ ಹೋಗಿ, ಇಲ್ಲಿಯವರೆಗಿನ ಕಡತ ಬಿಟ್ಟು ಹೊಸದಾಗಿ ಆರಂಭಿಸುತ್ತೇನೆ ಎಂದೆ. ಕಣ್ಣು, ಕೈ, ದೀಪ, ಮೂರನ್ನೂ ಹೋಲಿಸಬೇಕು. ಹಳೆಯ ಹಾಳೆಗಳಲ್ಲಿ ಕೈಯ ಲೆಕ್ಕವೇ ಇಲ್ಲ, ಅವು ಉಪಯೋಗಕ್ಕೆ ಬಾರವು.

"ದೀಪದ ಸಂಶೋಧನೆ ಅಂದ್ರ ದೊಡ್ಡ ಪತ್ರಿಕೆಯವರು ತಗೋತಾರ," ಎಂದರು ಅವರು. "ಕೈಲೆ ಮುಟ್ಟಿ ನೋಡಿದ್ವಿ ಅಂದ್ರ ಯಾರು ಓದ್ತಾರ?"

"ನಮ್ಮ ದವಾಖಾನಿ ಸಿಸ್ಟರ್‌ಗಳು ಓದ್ತಾರ್ರಿ ಮೇಡಂ. ಅವರ ಹತ್ರ ದೀಪ ಇಲ್ಲ. ಕೈ ಅದಾವು."

ಅವರು ಮೇಜಿನ ಮೇಲಿದ್ದ ಹಳೆಯ ಕಡತವನ್ನು ನನ್ನ ಕಡೆ ತಳ್ಳಿದರು. "ಹಂಗಾರ ಮೊದಲಿಂದ ಶುರು ಮಾಡು," ಎಂದರು. "ಈ ಸಲ ಹಾಳಿ ನನಗ ತೋರಿಸಿ ಛಾಪಿಸು."

ಹೊಸ ಹಾಳೆ ಮಾಡಲು ಮೂರು ವಾರ ಹಿಡಿಯಿತು. ಮೊದಲ ಸಾಲು, ನೋವು ಎಲ್ಲಿ ಎಂದು ಕೇಳಿ, ಅವರದೇ ಮಾತಿನಲ್ಲಿ ಬರೆಯುವುದು. ಎರಡನೆಯದು ಎರಡೂ ಬದಿಯನ್ನು ಹೋಲಿಸಿ ನೋಡುವುದು. ಬೆಳಕನ್ನು ನೆತ್ತಿಯ ಮೇಲಿಂದ ಬಿಡದೆ ಓರೆಯಾಗಿ ಹಿಡಿಯುವುದು. ಇಳಕಲ್ಲಿನ ಬಣ್ಣದವರು ನೂಲನ್ನು ಬಾಗಿಲಿಗೆ ತಂದು ಓರೆ ಬಿಸಿಲಿನಲ್ಲಿ ತಿರುಗಿಸಿ ನೋಡುವುದನ್ನು ಕಂಡಿದ್ದೆ. ಬಾವು ಓರೆ ಬೆಳಕಿನಲ್ಲಿ ನೆರಳು ಚೆಲ್ಲುತ್ತದೆ. ಆಮೇಲೆ ಕೈ: ಬಿಸಿ, ಬಾವು, ಗಡುಸು, ಮುಟ್ಟಿದಾಗ ಅವರು ಏನು ಮಾಡಿದರು. ಕೈಕಾಲಾದರೆ ಟೇಪಿನಿಂದ ಎರಡೂ ಕಡೆಯ ಸುತ್ತಳತೆ. ಕೆಂಪು, ನೀಲಿ, ಹಸಿರಿನ ಪಟ್ಟಿಯನ್ನು ಹೊಡೆದುಹಾಕಿ 'ಅದೇ ವ್ಯಕ್ತಿಯ ಸುತ್ತಲಿನ ಚರ್ಮಕ್ಕಿಂತ ಗಾಢ, ತಿಳಿ, ಭೇದವಿಲ್ಲ' ಎಂದು ಮಾತ್ರ ಇಟ್ಟೆ. ಬಣ್ಣ ನೋಡಿ ಪೆಟ್ಟಿಗೆ ಎಷ್ಟು ದಿನವಾಯಿತೆಂದು ಹೇಳುವ ಕಾಲಂ ತೆಗೆದೇಬಿಟ್ಟೆ. ದೀಪ ಕೊನೆಗೆ, ಅರಿಶಿನ, ಬಣ್ಣ, ಹಚ್ಚೆ ಇದೆಯೇ ಎಂದು ಬರೆದ ಮೇಲೆ. ಕಟ್ಟಕಡೆಗೆ, ಎರಡು ದಿನ ಬಿಟ್ಟು ಮತ್ತೆ ನೋಡಲು ತಾರೀಖು.

ಫೋಟೋ ತೆಗೆಯುವುದರಲ್ಲೂ ಒಮ್ಮೆ ಎಡವಿದೆವು. ಒಂದು ವಾರದ ಚಿತ್ರಗಳಲ್ಲಿ ಎಲ್ಲರ ಚರ್ಮವೂ ನುಣ್ಣಗೆ, ಒಂದು ಛಾಯೆ ಬೆಳ್ಳಗೆ ಬಂದಿತ್ತು. ಸಹಪಾಠಿಯ ಮೊಬೈಲು ಮುಖಗಳನ್ನು ಚಂದ ಮಾಡಿದ ಹಾಗೆ ಗಾಯಗಳನ್ನೂ ಚಂದ ಮಾಡಿಟ್ಟಿತ್ತು. ಆ ವಾರದ ಕೆಲಸವನ್ನೂ ಕೈಬಿಟ್ಟು, ಕಾಲೇಜಿನ ಕ್ಯಾಮೆರಾ ತಂದೆವು. ದೂರದಿಂದ ಒಂದು, ಹತ್ತಿರದಿಂದ ಒಂದು, ಅಳತೆಪಟ್ಟಿ ಇಟ್ಟು ಒಂದು.

ವರ್ಷ ಮುಗಿಯುವ ಹೊತ್ತಿಗೆ ಉತ್ತರ ಕೈಗೆ ಬಂದಿತ್ತು. ಬಿಳಿ ಮೈಯವರಲ್ಲಿ ಕಣ್ಣು ಸಾಕಾಗುತ್ತಿತ್ತು. ಮೈಬಣ್ಣ ಗಾಢವಾದಂತೆ ಕಣ್ಣು ಹಿಂದೆ ಬಿತ್ತು, ಕೈ ಹಿಂದೆ ಬೀಳಲಿಲ್ಲ. ಕೈಯೂ ತಪ್ಪುತ್ತಿತ್ತು, ಕಬಡ್ಡಿಯವರಿಗೆ ಮುಟ್ಟಿದಲ್ಲೆಲ್ಲ ನೋವು. ದೀಪ ಶುಚಿಯಾದ ಚರ್ಮದ ಮೇಲೆ ಒಳ್ಳೆಯ ಜೊತೆಗಾರ, ಒಂಟಿಯಾಗಿ ನಂಬುವಂಥದ್ದಲ್ಲ. ಇಷ್ಟನ್ನೂ ತಪ್ಪುಗಳ ಸಮೇತ ಬರೆದೆ.

ಪ್ರಬಂಧ ಮುಗಿಸಿ ಕೆಲಸಕ್ಕೆ ಮರಳಿದ ಕೆಲವು ವಾರಕ್ಕೆ, ಒಂದು ಬೆಳಿಗ್ಗೆ, ಇಳಕಲ್ಲಿನ ನೇಕಾರ ಹೆಂಗಸೊಬ್ಬಳು ನಮ್ಮಲ್ಲಿಗೆ ಬಂದಳು. ಮೂವತ್ತರ ಆಸುಪಾಸು, ಗಾಢ ಮೈಬಣ್ಣ. ಅವಳು ನೇಯುವ, ಮನೆಯ ಹಿಂಬದಿಯ ಕೋಣೆ ತನಗೆ ಬೇಕೆಂದು ಗಂಡನ ಅಣ್ಣ ಅವಳ ತೋಳು ಹಿಡಿದು ಮಗ್ಗದಿಂದ ಎಳೆದು, ಗೂಟಕ್ಕೆ ತಳ್ಳಿದ್ದ. ಅವನೂ ಹಿಂದೆಯೇ ಬಂದು ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ. "ಮೈಮ್ಯಾಲ ಒಂದ ಗೀರು ತೋರಿಸ್ಲಿ ನೋಡೂಣು," ಎನ್ನುತ್ತಿದ್ದ, ಎಲ್ಲರಿಗೂ ಕೇಳುವಂತೆ. ಅವನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಸಿದೆ.

ಕರ್ತವ್ಯದಲ್ಲಿದ್ದ ವೈದ್ಯರು ಹೊಸಬರು. ನೋಡಿದರು, ಏನೂ ಕಾಣಲಿಲ್ಲ. ಪೆನ್ನು ಕಾಗದದ ಮೇಲೆ ಇಳಿಯುವ ಮೊದಲೇ ನಾನೆಂದೆ: "ಸರ್, ಹತ್ತು ನಿಮಿಷ ಕೊಡ್ರಿ."

ಹತ್ತಿಯ ಕಡ್ಡಿಯ ಮಾದರಿ ತೆಗೆದಿಟ್ಟೆ. ಆಮೇಲೆ ಹಾಳೆಯ ಕ್ರಮದಲ್ಲೇ ಹೋದೆ. ಬಲತೋಳಿನ ಹೊರಬದಿ ಎಡತೋಳಿಗಿಂತ ಬಿಸಿ. ಓರೆ ಬೆಳಕಿನಲ್ಲಿ ಸಣ್ಣ ಉಬ್ಬು. ಟೇಪು ಸುತ್ತಿದರೆ ಬಲಗಡೆ ದಪ್ಪ. ಬೆರಳಿಟ್ಟ ಕೂಡಲೇ ಅವಳು ಉಸಿರೆಳೆದು ಕೈ ಹಿಂದಕ್ಕೆಳೆದುಕೊಂಡಳು. ವೈದ್ಯರನ್ನು ಕರೆದು ಅವರ ಕೈಯನ್ನೇ ಅಲ್ಲಿಡಿಸಿದೆ. ಅವರ ಮುಖ ಬದಲಾಯಿತು. "ಖರೆ ಐತ್ರಿ ಸಿಸ್ಟರ್," ಎಂದರು.

ಕಾಲೇಜಿನ ದೀಪ ನನ್ನ ಕಪಾಟಿನಲ್ಲಿತ್ತು. ವೈದ್ಯರಿಗೆ ಕುತೂಹಲ. ಅವಳ ಒಪ್ಪಿಗೆ ಪಡೆದು ಹಿಡಿದೆ. ತೋಳಿನ ಮೇಲೆ ಕಪ್ಪು ಕಂಡಿತು. ಬೆನ್ನಿನ ಮೇಲೆ, ಹೆಗಲಿನ ಕೆಳಗೆ, ಅಂಗೈಯಗಲದ ಇನ್ನೊಂದು ಮಚ್ಚೆ ಕಂಡಿತು; ಅದು ತೋಳಿನದಕ್ಕಿಂತ ಗಾಢ. ಕೈಯಿಟ್ಟು ನೋಡಿದೆ. ಬಿಸಿಯಿಲ್ಲ, ಬಾವಿಲ್ಲ.

"ಇಲ್ಲಿ ನೋವು ಐತೇನವ್ವಾ?"

"ಇಲ್ರಿ ಅಕ್ಕಾರ, ಅಲ್ಲೇನಿಲ್ಲ."

ವೈದ್ಯರು ಮೆಲ್ಲಗೆ ಹೇಳಿದರು, "ಗೂಟಕ್ಕ ನೂಕ್ಯಾನ ಅಂತಾಳಲ್ಲ, ಬೆನ್ನಿಗೆ ಬಡದೇ ಇರ್ತೈತಿ. ಇದನ್ನೂ ಬರೀರಿ. ಕೇಸು ಗಟ್ಟಿ ಆಗ್ತೈತಿ."

ಹೊರಗೆ ಆ ಮನುಷ್ಯನ ದನಿ ಇನ್ನೂ ಕೇಳುತ್ತಿತ್ತು. ನನಗೂ ಬರೆಯಬೇಕೆನಿಸಿತು, ಸುಳ್ಳೇಕೆ ಹೇಳಲಿ? ಮೊದಲಿನ ಹೆಂಗಸಿಗೆ ಮಾಡಿದ ಅನ್ಯಾಯಕ್ಕೆ ಇವಳ ಕಾಗದದಲ್ಲಿ ಎರಡು ಗಾಯ ಬರೆದು ಸಮ ಮಾಡಿಕೊಳ್ಳುವ ಆಸೆ ಅದು.

"ಬ್ಯಾಡ್ರಿ ಸರ್," ಎಂದೆ. "ದೀಪ ಹೇಳ್ತೈತಿ, ಕೈ ಹೇಳೂದಿಲ್ಲ, ಆಕಿನೂ ಹೇಳೂದಿಲ್ಲ. ತೋಳಿಂದಷ್ಟ ಬರಿಯೂಣು. ದೀಪದ ಮಾತ ಪ್ರಮಾಣಪತ್ರದಾಗ ಬ್ಯಾಡ. ನಾಡದು ಮತ್ತ ಕರಸೂಣು."

ಅವರು ಒಪ್ಪಿದರು. ತೋಳಿನ ಬಿಸಿ, ಬಾವು, ಎರಡೂ ಸುತ್ತಳತೆ, ಮುಟ್ಟಿದಾಗ ಅವಳು ಮಾಡಿದ್ದು, ಎಲ್ಲವನ್ನೂ ಪ್ರಮಾಣಪತ್ರದಲ್ಲೇ ಬರೆದರು. ಬೆನ್ನಿನ ಮಚ್ಚೆಯನ್ನು ನಾನು ನನ್ನ ಟಿಪ್ಪಣಿಯಲ್ಲಿ 'ದೀಪದಲ್ಲಿ ಮಾತ್ರ ಗಾಢ, ನೋವಿಲ್ಲ, ಬಾವಿಲ್ಲ, ಗಾಯವೆಂದು ಪರಿಗಣಿಸಿಲ್ಲ' ಎಂದು ಬರೆದಿಟ್ಟೆ. ಮೂರನೆಯ ದಿನ ಅವಳು ಬಂದಳು. ತೋಳಿನ ಮೇಲೆ ಬೆರಳುಗಳು ಮೂಡಿದ್ದವು. ಅಳತೆಪಟ್ಟಿ ಇಟ್ಟು ಚಿತ್ರ ತೆಗೆದೆವು. ಬೆನ್ನು ನಿರ್ಮಲ. ದೀಪ ಹಿಡಿದರೂ ಏನಿಲ್ಲ. ಮೊದಲ ದಿನ ತೊಟ್ಟಿದ್ದ ಹೊಸ ಕುಪ್ಪಸದ ಬಣ್ಣ ಬೆವರಿಗೆ ಬಿಟ್ಟಿತ್ತೆಂದು ಅವಳೇ ಹೇಳಿದಳು.

ಪ್ರಕರಣ ಹುನಗುಂದದ ನ್ಯಾಯಾಲಯಕ್ಕೆ ಹೋದಾಗ ವೈದ್ಯರ ನಂತರ ನನ್ನನ್ನೂ ಸಾಕ್ಷಿಗೆ ಕರೆದರು. ಎದುರು ಪಕ್ಷದ ವಕೀಲರು ನನ್ನ ಪ್ರಬಂಧವನ್ನು ಓದಿಕೊಂಡೇ ಬಂದಿದ್ದರು. "ನಿಮ್ಮ ದೀಪಕ್ಕೆ ಬಣ್ಣವೂ ಗಾಯದಂತೆ ಕಾಣುತ್ತದೆ, ಅರಿಶಿನವಿದ್ದರೆ ಗಾಯವೇ ಕಾಣುವುದಿಲ್ಲ ಎಂದು ನೀವೇ ಬರೆದಿದ್ದೀರಿ, ಅಲ್ಲವೇ?"

"ಹೌದು. ಅದಕ್ಕೇ ಪ್ರಮಾಣಪತ್ರ ದೀಪದ ಮೇಲೆ ನಿಂತಿಲ್ಲ. ಬೆನ್ನಿನ ಮೇಲೆ ದೀಪದಲ್ಲಿ ಕಂಡದ್ದನ್ನು ಗಾಯವೆಂದು ಬರೆದೂ ಇಲ್ಲ. ಟಿಪ್ಪಣಿಯಲ್ಲಿ ಇದೆ."

ಅವರು ಕಾಗದ ತಿರುವಿದರು. "ಮೊದಲ ದಿನ ತೋಳಿನ ಮೇಲೆ ನಿಮಗೆ ಬಣ್ಣ ಕಾಣಲಿಲ್ಲ?"

"ಕಾಣಲಿಲ್ಲ. ಬಿಸಿ ಇತ್ತು, ಬಾವು ಇತ್ತು, ನೋವು ಇತ್ತು. ಎರಡೂ ತೋಳಿನ ಅಳತೆ ಇದೆ. ಮೂರನೆಯ ದಿನ ಬಣ್ಣ ಬಂದದ್ದು ಅದೇ ಜಾಗದಲ್ಲಿ."

ನ್ಯಾಯಾಧೀಶರು ಎರಡೂ ದಿನದ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ವಕೀಲರು ತಮ್ಮ ಜಾಗಕ್ಕೆ ಹೋಗಿ ಕೂತರು. ಕೆಲವು ತಿಂಗಳ ಮೇಲೆ ತೀರ್ಪು ಬಂತು. ಅವಳ ಗಂಡನ ಅಣ್ಣನಿಗೆ ಶಿಕ್ಷೆಯಾಯಿತು, ಅವಳ ಕೋಣೆಗೆ ಕಾಲಿಡಬಾರದೆಂದು ಆದೇಶವಾಯಿತು. ನಮ್ಮ ಆಸ್ಪತ್ರೆಯಲ್ಲಿ ಆ ಹಾಳೆ ಈಗ ಎಲ್ಲ ಪ್ರಕರಣಗಳಿಗೂ ಬಳಕೆಯಲ್ಲಿದೆ. ಬೇರೆ ಕಡೆಯ ಸಿಸ್ಟರ್‌ಗಳೂ ಪ್ರತಿ ಮಾಡಿಸಿಕೊಂಡು ಹೋಗುತ್ತಾರೆ.

ಆದರೆ ನನಗೆ ಹೆಚ್ಚು ನೆನಪಿರುವುದು ತೀರ್ಪಿನ ದಿನವಲ್ಲ, ಸಾಕ್ಷಿ ಹೇಳಿದ ದಿನದ ಮಧ್ಯಾಹ್ನ. ನಿಲ್ದಾಣದಲ್ಲಿ ಅವಳು ಇಳಕಲ್ಲಿನ ಬಸ್ಸಿಗೆ, ನಾನು ನನ್ನ ಬಸ್ಸಿಗೆ ಕಾಯುತ್ತಿದ್ದೆವು. ಅವಳಿಗೆ ಓದು ಬಾರದು. ಪ್ರಮಾಣಪತ್ರದ ಪ್ರತಿಯನ್ನು ಚೀಲದಿಂದ ತೆಗೆದು ನನ್ನ ಕೈಗೆ ಕೊಟ್ಟಳು.

"ಅಕ್ಕಾರ, ಅಲ್ಲಿ ಎಲ್ಲಾರೂ ಓದ್ಕೊಂಡ್ರು. ನನಗೂ ಒಮ್ಮೆ ಓದಿ ಹೇಳ್ರಿ."

ಇಂಗ್ಲಿಷಿನಲ್ಲಿದ್ದದ್ದನ್ನು ನಮ್ಮ ಮಾತಿನಲ್ಲಿ ಸಾಲುಸಾಲಾಗಿ ಹೇಳಿದೆ. ಬಲತೋಳು ಬಿಸಿ ಇತ್ತು. ಬಾತಿತ್ತು. ಮುಟ್ಟಿದಾಗ ನೋವಿಗೆ ಕೈ ಹಿಂದಕ್ಕೆಳೆದುಕೊಂಡಳು.

"ಹೌದ್ರಿ," ಎಂದಳು ಅವಳು, ಬಲತೋಳನ್ನು ಎಡಗೈಯಲ್ಲಿ ಹಿಡಿದು. "ಎಳಕೊಂಡಿದ್ನಿ. ಅದನ್ನೂ ಬರದೀರಿ?"

"ಬರದೇವಿ."

ಅವಳು ಕಾಗದವನ್ನು ಮಡಚದೆ, ಹಾಗೆಯೇ ತೊಡೆಯ ಮೇಲಿಟ್ಟುಕೊಂಡು ಬಸ್ಸು ಬರುವವರೆಗೆ ಕೂತಳು.